ಮಾನ್‌ಸ್ಟರ್ ಟ್ರಕ್ಕಿನ ಹದ: ರೇಸಿಗೆ ಹೇಗೆ, ಮಜಾಕ್ಕೆ ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಅಂಕಿಗಳು ಬ್ಯಾಟರಿಯಿಂದ ಓಡುವ 1/10 ಮತ್ತು 1/8 ಅಳತೆಯ (ನಿಜವಾದ ಗಾಡಿಯ ಹತ್ತನೇ ಅಥವಾ ಎಂಟನೇ ಒಂದು ಪಾಲಿನ) ರಿಮೋಟ್ ಟ್ರಕ್ಕುಗಳಿಗೆ. ನೈಟ್ರೊ ಗಾಡಿ (ದ್ರವ ಇಂಧನದಿಂದ ಓಡುವುದು) ಇದ್ದವರು ಮೋಟರ್, ಬ್ಯಾಟರಿಯ ಭಾಗ ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು. ಯಾವ ಅಂಕಿಯೂ ಕೊನೆಯದಲ್ಲ, ಶುರು ಮಾಡಲು ಒಂದು ಜಾಗ ಅಷ್ಟೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ನಂಬಿ.

ರೇಸಿಗೂ ಮಜಾಕ್ಕೂ ಒಂದೇ ಗಾಡಿ ಸಾಕೇ?

ಗಾಡಿ ಒಂದೇ ಸಾಕು, ಹದ ಒಂದೇ ಸಾಲದು. ಬಯಲಿನಲ್ಲಿ ಸುಮ್ಮನೆ ಓಡಿಸುವಾಗ ಗಾಡಿ ಎಲ್ಲವನ್ನೂ ತಡೆದುಕೊಳ್ಳಬೇಕು. ಎತ್ತರದಿಂದ ಬಿದ್ದರೂ, ಕಲ್ಲಿಗೆ ಬಡಿದರೂ, ಬೆನ್ನ ಮೇಲೆ ಜಾರಿದರೂ ಎತ್ತಿ ನಿಲ್ಲಿಸಿದ ಕೂಡಲೇ ಓಡಬೇಕು. ರೇಸ್ ಕೇಳುವುದು ಬೇರೆ: ಅದೇ ತಿರುವಿಗೆ ಅದೇ ವೇಗದಲ್ಲಿ ಬಂದರೆ ಹತ್ತನೇ ಸುತ್ತಿನಲ್ಲೂ ಗಾಡಿ ಮೊದಲ ಸುತ್ತಿನ ಹಾಗೆಯೇ ತಿರುಗಬೇಕು. ಮಾನ್‌ಸ್ಟರ್ ಟ್ರಕ್ಕಿಗೆ ಇದು ಸುಲಭವಿಲ್ಲ. ಅದರ ಅಂದವೇ ಅದರ ತೊಡಕು: ಎತ್ತರದ ಮೈ, ದಪ್ಪ ಟೈರು. ಮುಂದೆ ಬರುವ ರೇಸ್ ಸೆಟ್ಟಿಂಗುಗಳಲ್ಲಿ ಮುಕ್ಕಾಲು ಪಾಲು ಈ ಎರಡನ್ನು ಪಳಗಿಸುವ ಕೆಲಸವೇ.

ಒಂದೇ ಗಾಡಿಯನ್ನು ಎರಡಕ್ಕೂ ಬಳಸುವವರು ಬದಲಿಸಬೇಕಾದ್ದು ನಾಲ್ಕು: ಟೈರು, ಪಿನಿಯನ್ (ಮೋಟರ್ ಶಾಫ್ಟಿನ ಸಣ್ಣ ಗೇರು), ಶಾಕ್ (ಏಟು ತಡೆಯುವ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್), ರಿಮೋಟಿನ ಮಾಡೆಲ್ ಮೆಮೊರಿ (ಸೆಟ್ಟಿಂಗುಗಳನ್ನು ಉಳಿಸಿಡುವ ಜಾಗ). ಶಾಕ್‌ಗಳ ಎರಡು ಸೆಟ್ ಕಟ್ಟಿಟ್ಟುಕೊಂಡರೆ ಅರ್ಧ ಗಂಟೆಯ ಕೆಲಸ. ಡಿಫ್ (ಡಿಫರೆನ್ಷಿಯಲ್, ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಡಬ್ಬಿ) ಆಯಿಲನ್ನು ಪ್ರತಿ ಸಲ ಬದಲಿಸುವ ಗೋಜಿಗೆ ಹೋಗಬೇಡಿ, ಮಧ್ಯದ ಒಂದು ಅಂಕಿಗೆ ಒಗ್ಗಿಕೊಳ್ಳಿ.

ಎಲ್ಲ ಮಾನ್‌ಸ್ಟರ್ ಟ್ರಕ್ಕುಗಳೂ ಒಂದೇ ಬಗೆಯವೇ?

ಅಲ್ಲ. ಒಂದು ಬಗೆಯಲ್ಲಿ ನಾಲ್ಕೂ ಚಕ್ರಗಳಿಗೆ ಬೇರೆ ಬೇರೆ ಆರ್ಮ್ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ಇರುತ್ತದೆ, ಒಂದು ಚಕ್ರ ಗುಂಡಿಗೆ ಇಳಿದರೆ ಪಕ್ಕದ್ದು ಅಲುಗುವುದಿಲ್ಲ. ಟ್ರಾಕ್ಸಾಸ್, ಆರ್ಮಾ ಕಂಪನಿಗಳ ಬಹುತೇಕ ಟ್ರಕ್ಕುಗಳು ಹೀಗೆ. ಇನ್ನೊಂದು ಸಾಲಿಡ್ ಆಕ್ಸಲ್, ನಿಜವಾದ ಮಾನ್‌ಸ್ಟರ್ ಟ್ರಕ್ಕಿನಂತೆ ಎಡಬಲ ಚಕ್ರಗಳ ನಡುವೆ ಗಟ್ಟಿ ಆಕ್ಸಲ್ ಇರುವುದು. 1987ರಲ್ಲಿ ಬಂದ ಟಮಿಯಾದ ಕ್ಲಾಡ್ ಬಸ್ಟರ್ ಈ ಬಗೆಯದು: ಆಕ್ಸಲಿಗೊಂದರಂತೆ ಎರಡು ಮೋಟರ್, ನಾಲ್ಕೂ ಚಕ್ರಕ್ಕೆ ಸ್ಟಿಯರಿಂಗ್. ಲೋಸಿಯ ಎಲ್‌ಎಂಟಿ ಇತ್ತೀಚಿನ ಉದಾಹರಣೆ.

ಇಬ್ಬರು ಅಕ್ಕಪಕ್ಕ ನಿಂತು ಕಾರುಗಳ ಸಾಲು ಹಾರಿ ಗುರಿ ಮುಟ್ಟುವ ರೇಸುಗಳು ಹೆಚ್ಚಾಗಿ ಸಾಲಿಡ್ ಆಕ್ಸಲ್ ಗಾಡಿಗಳವು. ತಿರುವುಗಳಿರುವ ಮಣ್ಣಿನ ಟ್ರ್ಯಾಕಿನಲ್ಲಿ ಸುತ್ತು ಲೆಕ್ಕ ಹಾಕುವ ರೇಸಿಗೆ ಬೇರೆ ಬೇರೆ ಆರ್ಮ್ ಇರುವ ಗಾಡಿಯೇ ಸಲೀಸು. ಈ ಪುಟ ಹೆಚ್ಚಾಗಿ ಅದರ ಬಗ್ಗೆಯೇ.

ಡಬ್ಬಿಯಿಂದ ತೆಗೆದ ಹೊಸ ಗಾಡಿಯಲ್ಲಿ ಮೊದಲು ಏನು ನೋಡಬೇಕು?

ಸ್ಕ್ರೂಗಳು. ಲೋಹ ಲೋಹಕ್ಕೆ ಕೂರುವ ಕಡೆಯೆಲ್ಲ, ಅಂದರೆ ಮೋಟರ್ ಮೌಂಟ್, ಪಿನಿಯನ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ), ಡ್ರೈವ್ ಕಪ್ (ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಕೂರುವ ಬಟ್ಟಲು) ಸ್ಕ್ರೂ, ಇವನ್ನು ಒಂದೊಂದಾಗಿ ಬಿಚ್ಚಿ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಮತ್ತೆ ಕೂರಿಸಿ. ಎಣ್ಣೆ ಜಿಡ್ಡು ಇದ್ದರೆ ಮೊದಲು ಒರೆಸಿ, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಪ್ಲಾಸ್ಟಿಕ್ಕಿಗೆ ಕೂರುವ ಸ್ಕ್ರೂಗೆ ಥ್ರೆಡ್‌ಲಾಕ್ ಹಾಕಲೇಬೇಡಿ. ಅದು ಪ್ಲಾಸ್ಟಿಕ್ಕನ್ನು ಪೆಡಸು ಮಾಡಿ ಬಿರುಕು ಬಿಡಿಸುತ್ತದೆ.

ಗ್ರಬ್ ಸ್ಕ್ರೂ ಮೋಟರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು. ದುಂಡು ಭಾಗದ ಮೇಲೆ ಕೂತರೆ ಎರಡನೇ ಬ್ಯಾಟರಿಯ ಹೊತ್ತಿಗೆ ಪಿನಿಯನ್ ಜಾರಿ, ಮೋಟರ್ ಕೂಗುತ್ತದೆ, ಗಾಡಿ ಕದಲುವುದಿಲ್ಲ.

ಪಿನಿಯನ್ ಮತ್ತು ಸ್ಪರ್ ಗೇರಿನ ನಡುವೆ ಎಷ್ಟು ಸಂದು ಬಿಡಬೇಕು?

ಒಂದು ಕಾಗದದಷ್ಟು. ಸ್ಪರ್ ಅಂದರೆ ಪಿನಿಯನ್ ತಿರುಗಿಸುವ ದೊಡ್ಡ ಗೇರು. ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಪಟ್ಟಿ ಕತ್ತರಿಸಿ. ಮೋಟರ್ ಸ್ಕ್ರೂಗಳನ್ನು ಸಡಿಲಿಸಿ, ಪಟ್ಟಿಯನ್ನು ಎರಡು ಗೇರಿನ ನಡುವೆ ತೂರಿಸಿ, ಪಿನಿಯನ್ನನ್ನು ಸ್ಪರ್ ಕಡೆಗೆ ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಸ್ಪರ್ ತಿರುಗಿಸಿ ಪಟ್ಟಿಯನ್ನು ಹೊರಗೆ ತೆಗೆಯಿರಿ. ಪಟ್ಟಿಯ ಮೇಲೆ ಹಲ್ಲಿನ ಮಡಿಕೆ ಸ್ಪಷ್ಟವಾಗಿ ಮೂಡಿರಬೇಕು, ಹರಿದಿರಬಾರದು. ಹರಿದಿದ್ದರೆ ಬಿಗಿ ಹೆಚ್ಚಾಯಿತು, ಮಡಿಕೆ ಮಸುಕಾಗಿದ್ದರೆ ಸಂದು ಹೆಚ್ಚಾಯಿತು.

ಅಷ್ಟಕ್ಕೇ ಮುಗಿಸಬೇಡಿ. ಪಿನಿಯನ್ನನ್ನು ಬೆರಳಲ್ಲಿ ಹಿಡಿದು ಸ್ಪರನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ, ಕೂದಲೆಳೆಯಷ್ಟು ಟಿಕ್ ಟಿಕ್ ಆಟ ಇರಬೇಕು. ಸ್ಪರನ್ನು ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕು ಕಡೆ ಹೀಗೇ ನೋಡಿ. ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ. ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿಗೆ ಸಂದು ಹೊಂದಿಸಬೇಕು. ಬಿಗಿ ಹೆಚ್ಚಿದ್ದರೆ ಕಿರುಚುವ ಸದ್ದು, ಮೋಟರಿಗೆ ಬಿಸಿ. ಸಡಿಲವಿದ್ದರೆ ಮೊದಲ ದೊಡ್ಡ ಜಂಪಿನಲ್ಲೇ ಸ್ಪರಿನ ಮೂರು ನಾಲ್ಕು ಹಲ್ಲು ಮಂಗಮಾಯ.

ಎಷ್ಟು ಹಲ್ಲಿನ ಪಿನಿಯನ್ ಹಾಕಬೇಕು?

ಲೆಕ್ಕ ಹಾಕಿಯೇ ನೋಡೋಣ. ಸ್ಪರ್ 54 ಹಲ್ಲು, ಪಿನಿಯನ್ 18 ಹಲ್ಲು ಎಂದರೆ ಅನುಪಾತ 3. ಗೇರ್‌ಬಾಕ್ಸಿನ ಒಳಗಿನ ಅನುಪಾತ 2.8 ಎಂದಿಟ್ಟುಕೊಂಡರೆ ಒಟ್ಟು 8.4. ಅಂದರೆ ಮೋಟರ್ 8.4 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 3500 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ) ಮೋಟರಿಗೆ 7.4 ವೋಲ್ಟ್ ಕೊಟ್ಟರೆ ನಿಮಿಷಕ್ಕೆ 25,900 ಸುತ್ತು, ಚಕ್ರಕ್ಕೆ ಸುಮಾರು 3,080. ಟೈರಿನ ವ್ಯಾಸ 13 ಸೆಂ.ಮೀ. ಇದ್ದರೆ ಸುತ್ತಳತೆ 41 ಸೆಂ.ಮೀ. ಹತ್ತಿರ, ಕಾಗದದ ಮೇಲಿನ ವೇಗ ಗಂಟೆಗೆ 75 ಕಿ.ಮೀ. ನೆಲದ ಮೇಲೆ ಅಷ್ಟು ಬರುವುದಿಲ್ಲ: ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯುತ್ತದೆ, ಗಾಳಿ ತಡೆಯುತ್ತದೆ.

ಸಣ್ಣ ಟ್ರ್ಯಾಕಿನಲ್ಲಿ ಆ ವೇಗವನ್ನು ಮುಟ್ಟಲು ಜಾಗವೇ ಇರುವುದಿಲ್ಲ. ಅಲ್ಲಿ ಪಿನಿಯನ್ ಒಂದೆರಡು ಹಲ್ಲು ಇಳಿಸಿದರೆ ತಿರುವಿನಿಂದ ಚಿಮ್ಮುವ ಜೋರು ಹೆಚ್ಚುತ್ತದೆ, ಮೋಟರ್ ತಂಪಾಗಿರುತ್ತದೆ. ನೇರ ದಾರಿ ಮುಗಿಯುವ ಮೊದಲೇ ಮೋಟರಿನ ಕೂಗು ಏರುವುದು ನಿಂತು ಒಂದೇ ಸ್ವರಕ್ಕೆ ಬಂದರೆ ಒಂದು ಹಲ್ಲು ಏರಿಸಬಹುದು. ಬಯಲಿನಲ್ಲೂ ಸಣ್ಣ ಪಿನಿಯನ್ನೇ ಲೇಸು, ಹುಲ್ಲು ಮತ್ತು ಮರಳು ಮೋಟರಿನ ಜೀವ ಹಿಂಡುತ್ತವೆ.

ಕೊನೆಯ ತೀರ್ಪು ಥರ್ಮಾಮೀಟರಿನದು. ಪಿನಿಯನ್ ಬದಲಿಸಿದ ದಿನ ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಮೋಟರ್ ಮೈಗೆ ಹಿಡಿಯಿರಿ. 70 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸರಿ. 80 ದಾಟಿದರೆ ನಿಲ್ಲಿಸಿ, ಒಂದೆರಡು ಹಲ್ಲು ಇಳಿಸಿ. ಅತಿ ಬಿಸಿಯಾದ ಮೋಟರಿನ ಮ್ಯಾಗ್ನೆಟ್ ಬಲ ಕಳೆದುಕೊಳ್ಳುತ್ತದೆ, ಮತ್ತೆ ತಣ್ಣಗಾದರೂ ಅದು ವಾಪಸು ಬರುವುದಿಲ್ಲ.

ದೊಡ್ಡ ಟೈರ್ ಹಾಕಿದೆ, ಮೋಟರ್ ಸುಡುತ್ತಿದೆ. ಏಕೆ?

ದೊಡ್ಡ ಟೈರ್ ಅಂದರೆ ದೊಡ್ಡ ಪಿನಿಯನ್ ಹಾಕಿದ ಲೆಕ್ಕವೇ. 13 ಸೆಂ.ಮೀ. ಬದಲು 15 ಸೆಂ.ಮೀ. ಟೈರ್ ಹಾಕಿದರೆ ಗೇರಿಂಗ್ ಶೇ 15ರಷ್ಟು ಎತ್ತರವಾಯಿತು, ಅಂದರೆ ಮೋಟರಿನ ಪ್ರತಿ ಸುತ್ತಿಗೆ ಗಾಡಿ ಅಷ್ಟು ಹೆಚ್ಚು ದೂರ ಸಾಗಬೇಕು. 18 ಹಲ್ಲಿನ ಪಿನಿಯನ್ ಇದ್ದಲ್ಲಿ 16 ಅಥವಾ 15ಕ್ಕೆ ಇಳಿಸಿ. ತೂಕವೂ ಏರಿರುವುದರಿಂದ ಡ್ರೈವ್‌ಶಾಫ್ಟುಗಳ ಮೇಲೂ ಕಣ್ಣಿರಲಿ.

ಸ್ಲಿಪರ್ ಎಷ್ಟು ಬಿಗಿಯಿರಬೇಕು?

ಮೋಟರಿನ ಏಟು ಗೇರುಗಳಿಗೆ ನೇರವಾಗಿ ತಾಗದಂತೆ ಒಂದಿಷ್ಟು ಜಾರಿ ಕೊಡುವುದೇ ಸ್ಲಿಪರಿನ (ಸ್ಪರ್ ಗೇರಿನ ಜೊತೆಗಿರುವ ಕ್ಲಚ್ಚಿನ) ಕೆಲಸ. ನಟ್ಟನ್ನು ಸ್ಪ್ರಿಂಗ್ ಪೂರ್ತಿ ಅದುಮಿ ಹೋಗುವ ತನಕ ಬಿಗಿದು, ಅಲ್ಲಿಂದ ಒಂದು ಸುತ್ತು ಸಡಿಲಿಸಿ ಶುರು ಮಾಡಿ. ಹಿಡಿತವಿರುವ ನೆಲದಲ್ಲಿ ನಿಂತ ಗಾಡಿಗೆ ಒಮ್ಮೆಲೇ ಪೂರ್ತಿ ಥ್ರಾಟಲ್ ಕೊಡಿ. ಹೊರಡುವಾಗ ಒಂದೆರಡು ಅಡಿ ದೂರದವರೆಗೆ ಸ್ಲಿಪರ್ ಜಾರುವ ಸಣ್ಣ ಕೂಗು ಕೇಳಿ ನಿಂತುಹೋಗಬೇಕು. ಆಮೇಲೂ ಕೂಗುತ್ತಿದ್ದರೆ ಸಡಿಲ, ಕಾಲು ಸುತ್ತು ಬಿಗಿಯಿರಿ. ಸದ್ದೇ ಇಲ್ಲದೆ ಮುಂಚಕ್ರ ಆಕಾಶಕ್ಕೆದ್ದರೆ ಬಿಗಿ ಹೆಚ್ಚು.

ಸಡಿಲ ಸ್ಲಿಪರ್ ಪಾಪದ್ದು ಎಂದುಕೊಳ್ಳಬೇಡಿ. ಜಾರುವಾಗ ಹುಟ್ಟುವ ಬಿಸಿಗೆ ಪ್ಲಾಸ್ಟಿಕ್ ಸ್ಪರ್ ಗೇರಿನ ನಡುಭಾಗ ಕರಗುತ್ತದೆ. ಸ್ಪರ್ ಕರಗಿದ್ದು ಕಂಡವರು ಮೋಟರನ್ನು ಬೈಯುತ್ತಾರೆ, ತಪ್ಪು ಹೆಚ್ಚಾಗಿ ಸ್ಲಿಪರಿನದು.

ಡಿಫ್‌ಗೆ ಯಾವ ಆಯಿಲ್?

ದಪ್ಪ ಸಿಲಿಕೋನ್ ಆಯಿಲ್. ಅದರ ದಪ್ಪವನ್ನು ಸೆಂಟಿಸ್ಟೋಕ್ಸ್ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಾದಷ್ಟೂ ಎಡಬಲ ಚಕ್ರಗಳು (ಮಧ್ಯದ ಡಿಫ್ ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳು) ಒಂದಕ್ಕೊಂದು ಕಟ್ಟಿದ ಹಾಗೆ ತಿರುಗುತ್ತವೆ. ಮೂರು ಡಿಫ್ ಇರುವ 1/8 ಗಾಡಿಯನ್ನು ರೇಸಿಗೆ ಹೂಡುವಾಗ ಮುಂದೆ 10,000, ಮಧ್ಯೆ 20,000, ಹಿಂದೆ 5,000 ಸೆಂಟಿಸ್ಟೋಕ್ಸ್‌ನಿಂದ ಆರಂಭಿಸಿ. ಬಯಲಿಗಾದರೆ ಮುಂದೆ 30,000, ಮಧ್ಯೆ 1,00,000, ಹಿಂದೆ 20,000ದ ಆಸುಪಾಸು.

ಮಧ್ಯದ ಡಿಫ್‌ಗೆ ಅಷ್ಟು ದಪ್ಪ ಏಕೆ ಅಂದರೆ, ಥ್ರಾಟಲ್ ಒತ್ತಿದಾಗ ಭಾರ ಹಿಂದಕ್ಕೆ ಸರಿದು ಮುಂಚಕ್ರ ಹಗುರಾಗುತ್ತದೆ. ಆಯಿಲ್ ತೆಳುವಾಗಿದ್ದರೆ ಶಕ್ತಿಯೆಲ್ಲ ಆ ಹಗುರಾದ ಚಕ್ರಗಳಿಗೇ ಹರಿದು ಅವು ಸುಮ್ಮನೆ ಗಿರ್ರನೆ ಸುತ್ತುತ್ತವೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಂದಿನ ಡಿಫ್ ದಪ್ಪವಾದರೆ ತಿರುವಿನಲ್ಲಿ ಥ್ರಾಟಲ್ ಕೊಟ್ಟ ಕೂಡಲೇ ಹಿಂಭಾಗ ಜಾರುತ್ತದೆ. ಬಯಲಿನಲ್ಲಿ ಅದೇ ಮಜಾ, ರೇಸಿನಲ್ಲಿ ಅದೇ ಸೋಲು.

ತುಂಬುವಾಗ ಒಳಗಿನ ಗೇರುಗಳು ಮುಳುಗುವಷ್ಟು ಸಾಕು. ಅಂಚಿನವರೆಗೆ ತುಂಬಿದರೆ ಬಿಸಿಗೆ ಹಿಗ್ಗಿ ಸೀಲ್ ಮೂಲಕ ಹೊರಬರುತ್ತದೆ. ಗ್ಯಾಸ್ಕೆಟ್ ಹರಿದಿದ್ದರೆ ಹೊಸದನ್ನೇ ಹಾಕಿ.

ಶಾಕ್‌ಗೆ ಎಷ್ಟು ದಪ್ಪದ ಎಣ್ಣೆ? ಮಜಾಕ್ಕೆ ಮೆತ್ತಗೆ, ರೇಸಿಗೆ ಗಟ್ಟಿ ಅನ್ನುತ್ತಾರಲ್ಲ?

ಆ ಮಾತು ಅರ್ಧ ಸತ್ಯ. ಎತ್ತರದ ಜಂಪಿನಿಂದ ಬೀಳುವ ಗಾಡಿಗೇ ದಪ್ಪ ಎಣ್ಣೆ ಬೇಕು, ಇಲ್ಲದಿದ್ದರೆ ಚಾಸಿಸ್ ನೆಲಕ್ಕೆ ಅಪ್ಪಳಿಸುತ್ತದೆ. ಟ್ರ್ಯಾಕಿನ ಸಣ್ಣ ಸಣ್ಣ ಉಬ್ಬುಗಳ ಮೇಲೆ ಚಕ್ರ ನೆಲ ಬಿಡದೆ ಓಡಲು ಅದಕ್ಕಿಂತ ತೆಳು ಎಣ್ಣೆ ಬೇಕು. 1/10 ಗಾಡಿಗೆ ರೇಸಿನಲ್ಲಿ 30ರಿಂದ 40 ವೇಟ್ (ಶಾಕ್ ಎಣ್ಣೆಯ ದಪ್ಪದ ಅಂಕಿ), ಬಯಲಿನಲ್ಲಿ 50ರಿಂದ 60 ವೇಟ್ ಒಳ್ಳೆಯ ಆರಂಭ. ವೇಟ್ ಅಂಕಿ ಕಂಪನಿಯಿಂದ ಕಂಪನಿಗೆ ಹೆಚ್ಚುಕಡಿಮೆಯಾಗುತ್ತದೆ, ಆದ್ದರಿಂದ ಬಾಟಲಿಯ ಮೇಲಿನ ಸೆಂಟಿಸ್ಟೋಕ್ಸ್ ನೋಡಿ: 30 ವೇಟ್ ಸುಮಾರು 350, 40 ವೇಟ್ 500, 60 ವೇಟ್ 800. ಬಿಸಿಲಿಗೆ ಎಣ್ಣೆ ತೆಳುವಾಗುತ್ತದೆ. ಚಳಿಯ ಮುಂಜಾವಿನಲ್ಲಿ ಹೊಂದಿಸಿದ ಗಾಡಿ ನಡುಮಧ್ಯಾಹ್ನ ಕುಪ್ಪಳಿಸತೊಡಗಿದರೆ 5 ವೇಟ್ ಏರಿಸಿ.

ಶಾಕ್ ತುಂಬುವಾಗ ಗಾಳಿ ಉಳಿಯದಂತೆ ಹೇಗೆ ನೋಡಿಕೊಳ್ಳುವುದು?

ಅವಸರ ಮಾಡಬೇಡಿ, ಅಷ್ಟೆ. ಶಾಕನ್ನು ನೆಟ್ಟಗೆ ಹಿಡಿದು ಶಾಫ್ಟನ್ನು ಪೂರ್ತಿ ಕೆಳಗೆ ಎಳೆಯಿರಿ. ಎಣ್ಣೆಯನ್ನು ಅಂಚಿಗಿಂತ ತುಸು ಕೆಳಗಿನವರೆಗೆ ಸುರಿಯಿರಿ. ಈಗ ಶಾಫ್ಟನ್ನು ಐದಾರು ಸಲ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ನಿನ ಕೆಳಗೆ ಅಡಗಿದ್ದ ಗಾಳಿ ಸಣ್ಣ ಗುಳ್ಳೆಗಳಾಗಿ ಮೇಲೆ ಬರುತ್ತದೆ. ಪಿಸ್ಟನ್ ಎಣ್ಣೆಯಿಂದ ಹೊರಗೆ ಬರಬಾರದು, ಬಂದರೆ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಹತ್ತು ನಿಮಿಷ ನಿಲ್ಲಿಸಿಡಿ. ಗುಳ್ಳೆ ಒಡೆದ ಮೇಲೆ ಅಂಚಿನವರೆಗೆ ಎಣ್ಣೆ ತುಂಬಿ, ಬ್ಲಾಡರ್ (ಕ್ಯಾಪಿನ ಕೆಳಗಿನ ರಬ್ಬರ್ ಪೊರೆ) ಇದ್ದರೆ ಓರೆಯಾಗಿ ಇಟ್ಟು ಕೂರಿಸಿ, ಕ್ಯಾಪ್ ಅರ್ಧ ತಿರುಗಿಸಿ, ಶಾಫ್ಟನ್ನು ಮೆಲ್ಲಗೆ ಅರ್ಧದವರೆಗೆ ಒತ್ತಿ. ಹೆಚ್ಚಿನ ಎಣ್ಣೆ ಕ್ಯಾಪಿನ ಸಂದಿನಿಂದ ಜಿನುಗುತ್ತದೆ. ಒತ್ತಿ ಹಿಡಿದೇ ಕ್ಯಾಪ್ ಬಿಗಿಯಿರಿ, ಒರೆಸಿ.

ಕಿವಿಯ ಹತ್ತಿರ ಹಿಡಿದು ಆಡಿಸಿ. ಚಿಕ್ ಚಿಕ್ ಸದ್ದು ಬಂದರೆ ಗಾಳಿ ಇದೆ, ಮತ್ತೆ ಬಿಚ್ಚಿ. ನಂತರ ಎಡಬಲದ ಜೋಡಿಯನ್ನು ಅಕ್ಕಪಕ್ಕ ಹಿಡಿದು ಎರಡನ್ನೂ ಪೂರ್ತಿ ಒತ್ತಿ ಒಟ್ಟಿಗೇ ಬಿಡಿ. ಎರಡೂ ಒಂದೇ ದೂರ, ಒಂದೇ ವೇಗದಲ್ಲಿ ಹೊರಬರಬೇಕು. ಒಂದು ಹಿಂದೆ ಬಿದ್ದರೆ ಗಾಡಿ ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತದೆ, ನೀವು ಸ್ಟಿಯರಿಂಗ್ ಟ್ರಿಮ್ ತಿರುಗಿಸುತ್ತಾ ದಿನ ಕಳೆಯುತ್ತೀರಿ.

ಗಾಡಿಯ ಎತ್ತರ ಎಷ್ಟಿರಬೇಕು?

ಬಯಲಿನಲ್ಲಿ ಎತ್ತರವೇ ಆಸ್ತಿ, ಹಾಗೇ ಬಿಡಿ. ರೇಸಿಗೆ ಇಳಿಸಬೇಕು. ಬ್ಯಾಟರಿ, ಬಾಡಿ ಎಲ್ಲ ಹಾಕಿ ಗಾಡಿಯನ್ನು ಗೇಣೆತ್ತರದಿಂದ ಸಮತಟ್ಟು ನೆಲಕ್ಕೆ ಬಿಡಿ. ಅದು ನಿಂತ ಸ್ಥಿತಿಯಲ್ಲಿ ಹಿಂದಿನಿಂದ ಬಗ್ಗಿ ನೋಡಿದರೆ ಡ್ರೈವ್‌ಶಾಫ್ಟುಗಳು ನೆಲಕ್ಕೆ ಸಮಾನವಾಗಿ, ಅಥವಾ ಚಕ್ರದ ಕಡೆಗೆ ತುಸುವೇ ಇಳಿಜಾರಾಗಿ ಇರಬೇಕು.

ಸ್ಪ್ರಿಂಗ್ ಕಾಲರ್ (ಸ್ಪ್ರಿಂಗನ್ನು ಬಿಗಿ ಸಡಿಲ ಮಾಡುವ ಬಳೆ) ತಿರುಗಿಸಿ ಇಳಿಸುವುದು ಒಂದು ದಾರಿ, ಆದರೆ ಗಾಡಿ ಗಾಳಿಯಲ್ಲಿದ್ದಾಗ ಚಕ್ರ ಮತ್ತೆ ಪೂರ್ತಿ ಜೋತು ಬೀಳುತ್ತದೆ, ತಿರುವಿನಲ್ಲಿ ಒಳಬದಿ ಎದ್ದು ನಿಲ್ಲುತ್ತದೆ. ಇದಕ್ಕೇ ಶಾಕಿನೊಳಗೆ, ಪಿಸ್ಟನ್ನಿನ ಕೆಳಗೆ ಶಾಫ್ಟಿಗೆ 3ರಿಂದ 5 ಮಿ.ಮೀ. ಸ್ಪೇಸರ್ ಹಾಕುವುದು. ಶಾಕ್ ಅಷ್ಟು ಕಡಿಮೆ ಹಿಗ್ಗುತ್ತದೆ. ಶಾಕಿನಲ್ಲಿ 1 ಮಿ.ಮೀ. ಅಂದರೆ ಚಕ್ರದ ಬಳಿ ಅದಕ್ಕಿಂತ ಹೆಚ್ಚು, ಆದ್ದರಿಂದ ಎಡಬಲ ಒಂದೇ ಅಳತೆಯಿರಲಿ.

ತಿರುವಿನಲ್ಲಿ ಪದೇ ಪದೇ ಪಲ್ಟಿ ಹೊಡೆಯುತ್ತದೆ. ಏನು ಮಾಡಲಿ?

ಜಾರಿ ಉಳಿಯಬೇಕಾದ ಟೈರು ನೆಲವನ್ನು ಕಚ್ಚಿ ಹಿಡಿದಾಗ, ಎತ್ತರದ ಮೈ ತನ್ನ ಪಾಡಿಗೆ ಮುಂದುವರಿಯುತ್ತದೆ. ಪಲ್ಟಿ ಆಗುವುದು ಹೀಗೆ. ಪರಿಹಾರಗಳನ್ನು ಈ ಅನುಕ್ರಮದಲ್ಲಿ, ಒಮ್ಮೆಗೆ ಒಂದೇ ಒಂದು ಮಾಡಿ ನೋಡಿ. ಮೊದಲು ರಿಮೋಟಿನಲ್ಲಿ ಸ್ಟಿಯರಿಂಗ್ ಡ್ಯುಯಲ್ ರೇಟ್ (ಚಕ್ರ ಎಷ್ಟು ತಿರುಗಬೇಕೆಂಬ ಮಿತಿ) ಶೇ 80ಕ್ಕೆ ಇಳಿಸಿ, ಇದಕ್ಕೆ ಸ್ಕ್ರೂಡ್ರೈವರೂ ಬೇಡ. ಆಮೇಲೆ ಮೇಲೆ ಹೇಳಿದ ಸ್ಪೇಸರ್. ಆಮೇಲೆ ಮುಂದುಗಡೆ ಆಂಟಿ ರೋಲ್ ಬಾರ್ (ಗಾಡಿ ಪಕ್ಕಕ್ಕೆ ವಾಲುವುದನ್ನು ತಡೆಯುವ ಕಂಬಿ). ಚಕ್ರಗಳನ್ನು ಹೊರಕ್ಕೆ ತಳ್ಳುವ ಅಗಲ ಹೆಕ್ಸ್ (ಚಕ್ರ ಕೂರುವ ಆರು ಮೂಲೆಯ ಬಿಲ್ಲೆ) ಹಾಕಿದರೂ ಗಾಡಿ ಸ್ಥಿರವಾಗುತ್ತದೆ, ಬೇರಿಂಗ್ ಮೇಲೆ ಹೊರೆ ಸ್ವಲ್ಪ ಹೆಚ್ಚುತ್ತದೆ. ಬಾಡಿಯನ್ನು ಪೋಸ್ಟ್‌ನಲ್ಲಿ ಒಂದೆರಡು ತೂತು ಕೆಳಗಿಳಿಸಿ. ಕಾರ್ಪೆಟ್‌ನಂಥ ಭಾರಿ ಹಿಡಿತದ ಟ್ರ್ಯಾಕಿನಲ್ಲಿ ಇಷ್ಟಕ್ಕೂ ಬಗ್ಗದಿದ್ದರೆ ಮುಂದಿನ ಟೈರುಗಳ ಹೊರ ಪಕ್ಕೆಗೆ ತೆಳುವಾಗಿ ಸೂಪರ್ ಗ್ಲೂ ಸವರುತ್ತಾರೆ. ಒಣಗಿದ ಗ್ಲೂ ನೆಲ ಕಚ್ಚುವುದಿಲ್ಲ, ಜಾರುತ್ತದೆ.

ಐದು ಬದಲಾವಣೆ ಒಟ್ಟಿಗೇ ಮಾಡಿದರೆ ಗುಣ ಯಾವುದರಿಂದ ಬಂತು ಎಂದು ಗೊತ್ತಾಗುವುದೇ ಇಲ್ಲ. ಒಂದು ಚೀಟಿಯಲ್ಲಿ ಬರೆದಿಡಿ.

ಕ್ಯಾಂಬರ್, ಟೋ?

ನಾಲ್ಕೂ ಚಕ್ರಕ್ಕೆ ಮೈನಸ್ 1ರಿಂದ 2 ಡಿಗ್ರಿ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೆ ತುಸು ವಾಲಿರಲಿ. ಮುಂದೆ ಸೊನ್ನೆಯಿಂದ 1 ಡಿಗ್ರಿ ಟೋ ಔಟ್ (ಮೇಲಿಂದ ನೋಡಿದಾಗ ಚಕ್ರದ ಮುಂತುದಿ ಹೊರಕ್ಕೆ), ಹಿಂದೆ 2ರಿಂದ 3 ಡಿಗ್ರಿ ಟೋ ಇನ್ (ಮುಂತುದಿ ಒಳಕ್ಕೆ). ಹಿಂದಿನದು ಬಹಳ ಗಾಡಿಗಳಲ್ಲಿ ಬದಲಿಸಲು ಬರುವುದೇ ಇಲ್ಲ. ಬಯಲಿನಲ್ಲಿ ಓಡಿಸುವವರು ಕಣ್ಣಳತೆಯಲ್ಲಿ ನೆಟ್ಟಗಿದ್ದರೆ ಸಾಕು, ಮುಂದೆ ಹೋಗಿ.

ಯಾವ ನೆಲಕ್ಕೆ ಯಾವ ಟೈರು?

ಸಡಿಲ ಮಣ್ಣು, ಹುಲ್ಲಿಗೆ ಎತ್ತರದ ದಪ್ಪ ಗುಬುಟುಗಳ ಟೈರು. ಗಟ್ಟಿಯಾಗಿ ಕೂತು ಮೇಲೆ ಧೂಳಿರುವ ಟ್ರ್ಯಾಕಿಗೆ ಸಣ್ಣ ಒತ್ತೊತ್ತು ಪಿನ್‌ಗಳ ಟೈರು. ಟಾರು ರಸ್ತೆಯಲ್ಲಿ ಪಿನ್ ಟೈರ್ ಓಡಿಸಿದರೆ ಒಂದೆರಡು ಬ್ಯಾಟರಿಗೇ ಬೋಳಾಗುತ್ತದೆ. ರೇಸಿಗೆ ಟೈರ್ ಆರಿಸುವ ಹೊತ್ತಿನಲ್ಲಿ ಕಂಜೂಸು ಬೇಡ. ಸರಿಯಾದ ಟೈರ್ ಕೊಡುವ ಲಾಭವನ್ನು ಬೇರೆ ಯಾವ ಒಂದು ಬಿಡಿಭಾಗವೂ ಕೊಡುವುದಿಲ್ಲ.

ಟೈರಿನೊಳಗಿನ ಫೋಮ್ ಕೂಡ ಮುಖ್ಯ. ಡಬ್ಬಿಯ ಜೊತೆ ಬರುವ ಮೆತ್ತನೆ ಫೋಮ್ ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ರೇಸಿಗೆ ಗಟ್ಟಿ ಕ್ಲೋಸ್ಡ್ ಸೆಲ್ ಫೋಮ್ ಹಾಕಿ.

ವೇಗದಲ್ಲಿ ಟೈರ್ ಬಲೂನಿನಂತೆ ಉಬ್ಬುತ್ತದೆ, ತೊಂದರೆಯೇ?

ಹೌದು. ಉಬ್ಬಿದ ಟೈರು ನಡುವಿನ ಸಣ್ಣ ಪಟ್ಟಿಯಲ್ಲಷ್ಟೇ ನೆಲ ಮುಟ್ಟುತ್ತದೆ, ವ್ಯಾಸ ಹಿಗ್ಗಿ ಗೇರಿಂಗೂ ಎತ್ತರವಾಗುತ್ತದೆ. ಒಳಗೆ ಬೆಲ್ಟ್ ಇರುವ ಟೈರ್ ಕೊಳ್ಳುವುದು ಸುಲಭದ ದಾರಿ. ಇಲ್ಲವೇ, ರಿಮ್ಮಿಗೆ ಅಂಟಿಸುವ ಮೊದಲು ಟೈರಿನ ಒಳಮೈಯನ್ನು ಒರೆಸಿ ಒಣಗಿಸಿ, ನಾರಿರುವ ಗಟ್ಟಿ ಟೇಪನ್ನು ಸುತ್ತಲೂ ಒಂದು ಸುತ್ತು ಅಂಟಿಸಿ. ರಿಮ್ಮಿಗೆ ಅಂಟಿಸುವಾಗ ತೆಳು ಸೂಪರ್ ಗ್ಲೂ ಬಳಸಿ: ಮೊದಲು ನಾಲ್ಕು ಕಡೆ ಚುಕ್ಕೆ, ಒಣಗಿದ ಮೇಲೆ ಪೂರ್ತಿ ಸುತ್ತು. ಕನ್ನಡಕ ಹಾಕಿಕೊಳ್ಳಿ, ಗ್ಲೂ ಸಿಡಿಯುತ್ತದೆ.

2ಎಸ್ ಅಥವಾ 3ಎಸ್?

ಎಸ್ ಎಂದರೆ ಸೆಲ್‌ಗಳ ಸಂಖ್ಯೆ. ಲೈಪೊ (ಲಿಥಿಯಂ ಪಾಲಿಮರ್) ಸೆಲ್ಲಿಗೆ 3.7 ವೋಲ್ಟ್, ಹಾಗಾಗಿ 2ಎಸ್ 7.4, 3ಎಸ್ 11.1. ಮೇಲಿನ ಲೆಕ್ಕದ ಗಾಡಿಗೆ 3ಎಸ್ ಹಾಕಿದರೆ ಕಾಗದದ ವೇಗ 75ರಿಂದ 113ಕ್ಕೆ ಜಿಗಿಯುತ್ತದೆ. ದೊಡ್ಡ ಬಯಲಿಗೆ ಸರಿ. ಸಣ್ಣ ಟ್ರ್ಯಾಕಿನಲ್ಲಿ 1/10 ಗಾಡಿಗೆ 2ಎಸ್ ಧಾರಾಳ. ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಮೇಲೆ ಬರೆದ ಮಿತಿ ಮೀರಿ ಸೆಲ್ ಕೊಟ್ಟರೆ ಮೊದಲ ಥ್ರಾಟಲಿಗೇ ಹೊಗೆ.

ರೇಸಿಗೆ ದೊಡ್ಡ ಬ್ಯಾಟರಿ ಬೇಕೇ ಎಂದು ತಿಳಿಯಲು ಚಾರ್ಜರ್ ನೋಡಿ. 5 ನಿಮಿಷ ಓಡಿಸಿ ಮತ್ತೆ ಚಾರ್ಜ್ ಮಾಡಿದಾಗ 2,500 ಎಂಎಎಚ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಒಳಗೆ ಹೋಯಿತು ಎಂದುಕೊಳ್ಳಿ. ಶೇ 80 ಮಾತ್ರ ಬಳಸುವ ಲೆಕ್ಕದಲ್ಲಿ 3,200 ಸಾಕು, ತುಸು ಕೈ ಬಿಟ್ಟು 4,000. ಹೊಟ್ಟೆ ತುಂಬಾ 7,000 ಹೊತ್ತು ಓಡುವ ಗಾಡಿ ಆ ಭಾರವನ್ನು ಪ್ರತಿ ತಿರುವಿನಲ್ಲೂ ಎಳೆಯಬೇಕು.

ಲೈಪೊ ಬೇಗ ಹಾಳಾಗದಿರಲು?

5,000 ಎಂಎಎಚ್ ಬ್ಯಾಟರಿಯನ್ನು 5 ಆಂಪ್‌ನಲ್ಲಿ, ಬ್ಯಾಲೆನ್ಸ್ ತಂತಿ (ಎಲ್ಲ ಸೆಲ್ಲುಗಳನ್ನು ಸಮವಾಗಿ ತುಂಬಿಸಲು ಇರುವ ಸಣ್ಣ ತಂತಿ) ಚುಚ್ಚಿಯೇ ಚಾರ್ಜ್ ಮಾಡಿ. ಸೆಲ್ಲಿಗೆ 4.2 ವೋಲ್ಟ್ ಮೀರಬಾರದು. ಇಎಸ್‌ಸಿಯ ಲೋ ವೋಲ್ಟೇಜ್ ಕಟಾಫ್ ಸೆಲ್ಲಿಗೆ 3.2ರಿಂದ 3.4ರಲ್ಲಿರಲಿ. ಎರಡು ಮೂರು ದಿನ ಓಡಿಸುವುದಿಲ್ಲ ಎಂದಾದರೆ ಸ್ಟೋರೇಜ್ ಮೋಡಿನಲ್ಲಿ 3.8 ವೋಲ್ಟ್ ಹತ್ತಿರ ತಂದಿಡಿ. ತುಂಬಿಸಿಟ್ಟೇ ತಿಂಗಳು ಕಳೆದ ಬ್ಯಾಟರಿ ಊದಿಕೊಳ್ಳುತ್ತದೆ. ಊದಿದ್ದನ್ನು ಮತ್ತೆ ಚಾರ್ಜ್ ಮಾಡುವ ಧೈರ್ಯ ಬೇಡ. ಓಡಿ ಬಂದ ಬಿಸಿ ಬ್ಯಾಟರಿಯನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕಿ, ಚಾರ್ಜಾಗುವ ತನಕ ಅಲ್ಲೇ ಇರಿ.

ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು ಎಂದು ಹೇಳುವ ಸಿ ರೇಟಿಂಗ್ ಬಗ್ಗೆ ಒಂದು ಮಾತು. 5,000 ಎಂಎಎಚ್, 50ಸಿ ಅಂದರೆ ಲೆಕ್ಕಕ್ಕೆ 250 ಆಂಪ್. ಸ್ಟಿಕರ್ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು. ಓಡಿಸಿದ ಮೇಲೆ ಬ್ಯಾಟರಿ ಕೈಗೆ ಉಗುರುಬೆಚ್ಚಗಿದೆಯೇ, ಸುಡುತ್ತಿದೆಯೇ ಎಂಬುದು ಹೆಚ್ಚು ನಂಬಿಕೆಯ ಸಾಕ್ಷಿ.

ಇಎಸ್‌ಸಿ ಮತ್ತು ರಿಮೋಟಿನಲ್ಲಿ ಏನೇನು ಬದಲಿಸಬೇಕು?

ಬಯಲಿಗೆ ರಿವರ್ಸ್ ಬೇಕು. ರೇಸಿನಲ್ಲಿ ಹಲವು ಕಡೆ ಬಿಡುವುದಿಲ್ಲ, ಫಾರ್ವರ್ಡ್ ಮತ್ತು ಬ್ರೇಕ್ ಮೋಡಿಗೆ ಹಾಕಿ. ಜಾರುವ ನೆಲದಲ್ಲಿ ಪಂಚ್ (ಹೊರಡುವಾಗಿನ ಎಳೆತದ ಜೋರು) ಕನಿಷ್ಠಕ್ಕೆ ಇಳಿಸಿ. ಬ್ರೇಕ್ ಬಲ ಶೇ 60ರಿಂದ ಆರಂಭಿಸಿ, ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗಿದರೆ ಇಳಿಸಿ. ಟೈಮಿಂಗ್ (ಮೋಟರಿಗೆ ಕರೆಂಟ್ ಕೊಡುವ ಗಳಿಗೆಯ ಸೆಟ್ಟಿಂಗ್) ಮುಟ್ಟಬೇಡಿ, ಅದು ಬಿಸಿಯನ್ನು ಕೊಂಡು ತರುವ ದಾರಿ.

ಫೇಲ್‌ಸೇಫ್ ಪರೀಕ್ಷೆ ಎಲ್ಲರೂ ಮಾಡಲೇಬೇಕು. ಚಕ್ರಗಳು ನೆಲ ಮುಟ್ಟದಂತೆ ಗಾಡಿಯನ್ನು ಒಂದು ಡಬ್ಬಿಯ ಮೇಲಿಟ್ಟು ಅರ್ಧ ಥ್ರಾಟಲ್ ಕೊಟ್ಟು ರಿಮೋಟ್ ಆಫ್ ಮಾಡಿ. ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಸಿಗ್ನಲ್ ತಪ್ಪಿದ ದಿನ ನಾಲ್ಕೈದು ಕೆ.ಜಿ. ತೂಕದ ಗಾಡಿ ಯಾರ ಕಾಲಿಗೆ ಹೋಗಿ ಬಡಿಯುತ್ತದೋ ಹೇಳಲಾಗದು. ಪ್ರತಿ ಸಲ ರಿಮೋಟ್ ಮೊದಲು ಆನ್, ಗಾಡಿ ಆಮೇಲೆ. ಮುಗಿದಾಗ ಗಾಡಿ ಮೊದಲು ಆಫ್.

ಸರ್ವೊ ಬದಲಿಸಬೇಕೇ?

ಸರ್ವೊ ಅಂದರೆ ಸ್ಟಿಯರಿಂಗ್ ತಿರುಗಿಸುವ ಸಣ್ಣ ಮೋಟರ್. ನಿಂತಲ್ಲೇ ಹುಲ್ಲಿನ ಮೇಲೆ ಸ್ಟಿಯರಿಂಗ್ ತಿರುಗಿಸಿ. ಚಕ್ರ ಕೊನೆಯ ತನಕ ಹೋಗದಿದ್ದರೆ ಬದಲಿಸಿ. 1/10ಕ್ಕೆ 10 ಕೆ.ಜಿ. ಸೆಂ.ಮೀ. (ತಿರುಚುವ ಬಲದ ಅಳತೆ), 1/8ಕ್ಕೆ 20 ಅಥವಾ ಮೇಲೆ, ಲೋಹದ ಗೇರಿನದು. ಸರ್ವೊ ಸೇವರನ್ನು (ಚಕ್ರದ ಏಟು ಹೀರುವ ಸ್ಪ್ರಿಂಗ್ ಭಾಗ) ಪೂರ್ತಿ ಲಾಕ್ ಮಾಡಬೇಡಿ, ಕಲ್ಲಿನ ಏಟು ನೇರ ಸರ್ವೊ ಗೇರಿಗೆ ಹೋಗುತ್ತದೆ.

ಜಂಪಿನಲ್ಲಿ ಗಾಡಿ ಮೂತಿ ಅಡಿಯಾಗಿ ಬೀಳುತ್ತದೆ.

ಗಾಳಿಯಲ್ಲಿರುವಾಗ ಥ್ರಾಟಲ್ ಕೊಟ್ಟರೆ ಚಕ್ರ ಮುಂದಕ್ಕೆ ಸುತ್ತುವ ಪ್ರತಿಕ್ರಿಯೆಗೆ ಮೂತಿ ಮೇಲೇಳುತ್ತದೆ, ಬ್ರೇಕ್ ಒತ್ತಿದರೆ ಇಳಿಯುತ್ತದೆ. ದಪ್ಪ ಟೈರಿನ ಗಾಡಿಯಲ್ಲಿ ಈ ಪರಿಣಾಮ ಜೋರು, ಚಿಟಿಕೆಯಷ್ಟು ಥ್ರಾಟಲ್ ಸಾಕು. ನೆಲ ಮುಟ್ಟುವ ಗಳಿಗೆಯಲ್ಲಿ ಮಾತ್ರ ಬೆರಳು ಹಗುರಾಗಿರಲಿ. ಪೂರ್ತಿ ಥ್ರಾಟಲಿನಲ್ಲಿ ಇಳಿದರೆ ಗಿರಗಿರ ಸುತ್ತುತ್ತಿದ್ದ ಚಕ್ರದ ವೇಗ ತಟ್ಟನೆ ಕುಸಿಯುತ್ತದೆ, ಆ ಏಟನ್ನೆಲ್ಲ ಡಿಫ್ ಮತ್ತು ಡ್ರೈವ್‌ಶಾಫ್ಟ್ ನುಂಗಬೇಕು. ಮುರಿದ ಡಿಫ್‌ಗಳಲ್ಲಿ ಬಹಳಷ್ಟು ಹೀಗೇ ಮುರಿದವು.

ಅಲ್ಯೂಮಿನಿಯಂ ಬಿಡಿಭಾಗಗಳನ್ನು ಹಾಕಿಸಿದರೆ ಗಟ್ಟಿಯಾಗುತ್ತದಲ್ಲವೇ?

ಕೆಲವು ಕಡೆ ಮಾತ್ರ: ಮೋಟರ್ ಮೌಂಟ್, ಶಾಕ್ ಕ್ಯಾಪ್, ವೀಲ್ ಹೆಕ್ಸ್. ಆರ್ಮ್‌ಗಳಿಗೆ ಬೇಡ. ಪ್ಲಾಸ್ಟಿಕ್ ಆರ್ಮ್ ಏಟಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯೂಮಿನಿಯಂ ಬಾಗಿದರೆ ಬಾಗಿಯೇ ಇರುತ್ತದೆ, ಇಲ್ಲವೇ ಏಟನ್ನು ಪಕ್ಕದ, ಆರ್ಮ್ ಕೂರುವ ಬಲ್ಕ್‌ಹೆಡ್‌ಗೆ ದಾಟಿಸಿ ಅದನ್ನು ಒಡೆಯುತ್ತದೆ. ಬೇರಿಂಗ್ ಸವೆದು ಗಡಗಡ ಅನ್ನುತ್ತಿರುವಾಗ ಬಣ್ಣದ ಆರ್ಮ್ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ನೀರಿನಲ್ಲಿ ಓಡಿಸಬಹುದೇ?

ವಾಟರ್‌ಪ್ರೂಫ್ ಎಂದು ಬರೆದಿದ್ದರೆ ಇಎಸ್‌ಸಿ ಮತ್ತು ಸರ್ವೊ ಬದುಕುತ್ತವೆ, ಬೇರಿಂಗ್ ಬದುಕುವುದಿಲ್ಲ. ಅದೇ ದಿನ ಚಕ್ರ ಬಿಚ್ಚಿ ಒಣಗಿಸಿ, ಬೇರಿಂಗಿಗೆ ಎಣ್ಣೆ ಬಿಡಿ. ಫೋಮ್ ನೀರು ಕುಡಿದ ಚಕ್ರ ಓಡುವಾಗ ಇಡೀ ಗಾಡಿಯನ್ನು ನಡುಗಿಸುತ್ತದೆ. ಟೈರಿನ ನಡುಪಟ್ಟಿಯಲ್ಲಿ ಎದುರುಬದುರಾಗಿ 3 ಮಿ.ಮೀ.ನ ಎರಡು ತೂತು ಮಾಡಿದರೆ ಸುತ್ತುವಾಗ ನೀರು ತಾನೇ ಹೊರಗೆ ಚಿಮ್ಮುತ್ತದೆ.

ರೇಸಿನ ದಿನ ಏನು ಒಯ್ಯಬೇಕು, ಅಲ್ಲಿ ಏನು ನಡೆಯುತ್ತದೆ?

ಸ್ಪರ್ ಗೇರ್ ಎರಡು, ಈಗಿನದಕ್ಕಿಂತ ಒಂದು ಹಲ್ಲು ಹೆಚ್ಚಿನದು ಮತ್ತು ಒಂದು ಹಲ್ಲು ಕಡಿಮೆಯದು ಹೀಗೆ ಎರಡು ಪಿನಿಯನ್, ಮುಂದಿನ ಆರ್ಮ್ ಒಂದು ಜೋಡಿ, ಶಾಕ್ ಎಂಡ್, ಬಾಡಿ ಕ್ಲಿಪ್, ಸೂಪರ್ ಗ್ಲೂ. ಸುತ್ತು ಎಣಿಸಲು ಗಾಡಿಗೆ ಟ್ರಾನ್ಸ್‌ಪಾಂಡರ್ ಬೇಕಾಗುತ್ತದೆ, ಅದಕ್ಕೆ ರಿಸೀವರಿನಲ್ಲಿ ಒಂದು ಖಾಲಿ ಸಾಕೆಟ್ ಇಟ್ಟುಕೊಳ್ಳಿ. ನಿಮ್ಮ ಹೀಟ್ (ನಿಮ್ಮ ಗುಂಪಿನ ಓಟದ ಸರದಿ) ಮುಗಿದ ಮೇಲೆ ಸಾಮಾನ್ಯವಾಗಿ ಮುಂದಿನ ಹೀಟಿಗೆ ನೀವೇ ಮಾರ್ಷಲ್: ತಿರುವಿನಲ್ಲಿ ನಿಂತು ಮಗುಚಿದ ಗಾಡಿಗಳನ್ನು ಎತ್ತಿ ನಿಲ್ಲಿಸಬೇಕು. ಗಾಡಿ ಟೇಬಲ್ ಮೇಲಿಟ್ಟು ಸ್ಕ್ರೂ ಬಿಚ್ಚುತ್ತಾ ಕೂತರೆ ಆಗದು.

ಬಯಲಿನಲ್ಲಿ ನನ್ನ ಗಾಡಿ ಎಲ್ಲರಿಗಿಂತ ಜೋರು. ಟ್ರ್ಯಾಕಿನಲ್ಲಿ ಮಾತ್ರ ಕೊನೆಗೆ ಉಳಿಯುತ್ತೇನೆ.

ಸುತ್ತುಗಳ ಸಮಯವನ್ನು ಸಾಲಾಗಿ ನೋಡಿ. ಒಂದು ಸುತ್ತು 24 ಸೆಕೆಂಡ್, ಮುಂದಿನದು 31, ಮತ್ತೆ 25, ಮತ್ತೆ 38 ಹೀಗಿದ್ದರೆ ಗಾಡಿಯಲ್ಲಿ ವೇಗದ ಕೊರತೆಯಿಲ್ಲ. ಮಗುಚಿ ಮಾರ್ಷಲ್‌ಗೆ ಕಾದ ಹೊತ್ತು ಅದು. ರಿಮೋಟಿನಲ್ಲಿ ಥ್ರಾಟಲಿನ ಗರಿಷ್ಠ ಮಿತಿಯನ್ನು ಶೇ 75ಕ್ಕೆ ಇಳಿಸಿ ಹತ್ತು ಸುತ್ತು ಓಡಿಸಿ, ಒಟ್ಟು ಸಮಯ ಬರೆದಿಟ್ಟುಕೊಳ್ಳಿ. ಹತ್ತರಲ್ಲಿ ಒಮ್ಮೆಯೂ ಮಗುಚದಿದ್ದರೆ ಶೇ 5 ಏರಿಸಿ ಮತ್ತೆ ಹತ್ತು. ಒಟ್ಟು ಸಮಯ ಮತ್ತೆ ಏರತೊಡಗಿದ ಕೂಡಲೇ ಒಂದು ಮೆಟ್ಟಿಲು ಹಿಂದೆ ಬನ್ನಿ, ಆ ದಿನದ ಮಿತಿ ಅಲ್ಲಿಗೇ ಇರಲಿ.